ಕಪಿಲಾತೀರದ ಮಾವುತನ ಮಗನೂ ಎಳೆಯರ ಕಾದಂಬರಿಯೂ

ತೊಟ್ಟಿಲ ಪದಗಳ ಕಾಲವು ಕಳೆದು ಪ್ರೌಢರ ಕಾದಂಬರಿಗಳ ಕಾಲವು ಇನ್ನೂ ಬಾರದಿರುವ, ಒಂಬತ್ತರಿಂದ ಹದಿಮೂರು ವರ್ಷ ವಯಸ್ಸಿನ ಬಾಲಕ ಬಾಲಕಿಯರಿಗೆ ಯಾವ ಗ್ರಂಥವನ್ನು ಕೊಡತಕ್ಕದ್ದು ಎಂಬ ಪ್ರಶ್ನೆಯು ತಾಯಿತಂದೆಗಳಿಗೂ ಉಪಾಧ್ಯಾಯರಿಗೂ ಸಮಾನವಾದುದು. ಈ ವಯಸ್ಸಿನ ಓದುಗನು ಪುಟ್ಟ ಕಥೆಯಿಂದ ತೃಪ್ತನಾಗನು; ನಾಲ್ಕು ದಿನ ತನ್ನನ್ನು ಹಿಡಿದು ನಿಲ್ಲಿಸುವ ದೀರ್ಘಕಥೆ ಅವನಿಗೆ ಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ನೋಡಿದರೆ, ಇಂತಹ ಕಥೆಗೆ ಈ ನೆಲದಲ್ಲಿ ಎಂದೂ ಬರಗಾಲವಿರಲಿಲ್ಲವೆಂದು ತಿಳಿಯುವುದು.

ಚೆಂಗಾಳ್ವರ ಕಾಲದಲ್ಲಿ, ಕ್ರಿ. ಶ. 1508ರ ಸುಮಾರಿನಲ್ಲಿ, ಹುಣಸೂರು ಸೀಮೆಯ ಕಲ್ಲಹಳ್ಳಿಯನ್ನು ಆಳುತ್ತಿದ್ದ ಮೂರನೆಯ ಮಂಗರಸನು ‘ಸಮ್ಯಕ್ತ್ವಕೌಮುದಿ’ಯನ್ನು ರಚಿಸಿದನು. ಕಥೆಯೊಳಗೆ ಕಥೆಯನ್ನು ಹೆಣೆದ ಗ್ರಂಥವದು. ಅದೇ ಚೆಂಗಾಳ್ವ ಮನೆತನದ ನಂಜುಂಡಕವಿಯು ಕುಮಾರರಾಮನ ಸಾಹಸವನ್ನು ಸಾಂಗತ್ಯದಲ್ಲಿ ಹಾಡಿದನು. ಇವು ಮಕ್ಕಳಿಗಾಗಿ ಹುಟ್ಟಿದ ಕೃತಿಗಳಲ್ಲ, ದಿಟ. ಆದರೆ ಜಗಲಿಯ ಮೇಲೆ ಓದುವವನೊಬ್ಬನು ಕುಳಿತರೆ ಕೇಳುವವರೊಳಗೆ ಮಕ್ಕಳನ್ನು ಬೇರ್ಪಡಿಸುವ ಪದ್ಧತಿಯು ಹಿಂದೆ ಇರಲಿಲ್ಲ.

ಮಕ್ಕಳಿಗೆಂದೇ ಅಚ್ಚಾದ ಗದ್ಯವು ಶಾಲೆಯ ಬಾಗಿಲಿನಿಂದ ಒಳಬಂದಿತು. ಎಂ. ಎಸ್. ಪುಟ್ಟಣ್ಣನವರ ‘ನೀತಿಚಿಂತಾಮಣಿ’ಯು 1884ರಲ್ಲಿ ಹೊರಬಿದ್ದು ಪಾಠಶಾಲೆಗಳಲ್ಲಿ ಬಹುಕಾಲ ಓದಲ್ಪಟ್ಟಿತು. ಎಸ್. ಜಿ. ನರಸಿಂಹಾಚಾರ್ಯರು ಗಲಿವರನ ದೇಶಸಂಚಾರವನ್ನು ಕನ್ನಡಕ್ಕೆ ತಂದರು. ಕರಾವಳಿಯಲ್ಲಿ ಪಂಜೆ ಮಂಗೇಶರಾಯರು, ಮೈಸೂರು ಸೀಮೆಯಲ್ಲಿ ಜಿ. ಪಿ. ರಾಜರತ್ನಂ ಮತ್ತು ಹೊಯ್ಸಳರು ಶಿಶುಗೀತೆಯನ್ನು ಬೆಳಸಿದರು. ಹಾಡು ಬೆಳೆಯಿತು, ಪುಟ್ಟ ಕಥೆಯೂ ಬೆಳೆಯಿತು. ದೀರ್ಘಕಥೆ ಮಾತ್ರ ಹಿಂದೆ ಬಿದ್ದಿತು. ಪ್ರತಿಯೊಂದು ಕಥೆಯ ಬಾಲಕ್ಕೂ ಒಂದು ನೀತಿಯನ್ನು ಕಟ್ಟಲೇಬೇಕೆಂಬ ಹಟವು ಇದಕ್ಕೆ ಒಂದು ಕಾರಣವಾಗಿರಬಹುದು. ಇನ್ನೂರು ಪುಟದ ಕಥೆಯು ಅಂತಹ ಭಾರವನ್ನು ಹೊರಲಾರದು. ಹುಡುಗನಂತೂ ನೀತಿಯು ಬಂದೊಡನೆ ಪುಟವನ್ನು ಮಗುಚುವನು.

ಇತ್ತ ಹೀಗಿರಲು, ಈ ಕಾಡುಗಳ ಕಥೆಯು ಇಂಗ್ಲಿಷಿನ ಮೂಲಕ ಲೋಕವನ್ನು ಸುತ್ತಿ ಬಂದುದು ವಿಸ್ಮಯಕರವಾದ ಸಂಗತಿ. ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ಕ್ರಮದಿಂದ ಆನೆ ಹಿಡಿಯುವುದನ್ನು 1870ರ ದಶಕದಲ್ಲಿ ಆರಂಭಿಸಿದ ಜಿ. ಪಿ. ಸ್ಯಾಂಡರ್‌ಸನ್ ಎಂಬ ಅಧಿಕಾರಿಯು, ಅನಂತರ ಬಂಗಾಳ ಪ್ರಾಂತದಲ್ಲಿಯೂ ಆ ಕೆಲಸವನ್ನು ನಡೆಸಿ, 1878ರಲ್ಲಿ ತನ್ನ ಅನುಭವಗಳನ್ನು ಗ್ರಂಥವಾಗಿ ಪ್ರಕಟಿಸಿದನು. ಕಿಪ್ಲಿಂಗನು 1894ರಲ್ಲಿ ಅಚ್ಚುಮಾಡಿಸಿದ ‘ಜಂಗಲ್ ಬುಕ್’ನಲ್ಲಿ ಟೂಮಾಯ್ ಎಂಬ ಮಾವುತನ ಮಗನ ಕಥೆಯೊಂದಿದೆ. ಅದರಲ್ಲಿ ಬರುವ ಪೀಟರ್‌ಸನ್ ಸಾಹೇಬನಿಗೆ ಸ್ಯಾಂಡರ್‌ಸನ್ನನೇ ಮಾದರಿಯೆಂದು ಬಲ್ಲವರು ಊಹಿಸುತ್ತಾರೆ. ಆನೆಗಳ ನರ್ತನವನ್ನು ಕಂಡಾಗ ಮಾತ್ರ ಖೆಡ್ಡಾದೊಳಗೆ ಕಾಲಿಡಬಹುದೆಂದು ಪರಿಹಾಸಕ್ಕೆ ಗುರಿಯಾದ ಬಾಲಕನು, ಒಂದು ರಾತ್ರಿ ಆನೆಯ ಬೆನ್ನೇರಿ ಹೋಗಿ ಆ ನರ್ತನವನ್ನು ನಿಜವಾಗಿಯೂ ಕಂಡುಬರುವನು. ಹತ್ತು ವರ್ಷದ ಓದುಗನಿಗೆ ಇದಕ್ಕಿಂತ ರುಚಿಕರವಾದ ಕಥಾವಸ್ತು ದುರ್ಲಭ. ಸಾಹೇಬನ ದೊಡ್ಡಸ್ತಿಕೆಯನ್ನು ಕಥೆಗಾರನು ಮೆರೆಸಿರುವನೆಂಬುದೂ ಸುಳ್ಳಲ್ಲ. ಓದಿಸುವ ಹಿರಿಯರು ಅದನ್ನು ಮರೆಯದೆ ಮಕ್ಕಳಿಗೆ ತಿಳಿಸಿಕೊಡುವುದು ಉಚಿತ.

ಕಥೆಯ ಮುಂದಿನ ಭಾಗವು ಹೆಗ್ಗಡದೇವನಕೋಟೆಯದೇ. ಈ ಕಥೆಯನ್ನು ಚಲಚ್ಚಿತ್ರವಾಗಿಸಲು ಫ್ಲಾಹರ್ಟಿ ಎಂಬ ನಿರ್ದೇಶಕನು ಮೈಸೂರಿಗೆ ಬಂದಾಗ, ನಾಯಕನ ಪಾತ್ರಕ್ಕೆ ಅರಮನೆಯ ಗಜಶಾಲೆಯಲ್ಲಿದ್ದ ಅನಾಥ ಬಾಲಕನೊಬ್ಬನು ಆಯ್ಕೆಯಾದನು. ಇವನೇ ಸಾಬು, 1924ರಲ್ಲಿ ಕಪಿಲೆಯ ದಡದ ಕಾರಾಪುರದಲ್ಲಿ ಹುಟ್ಟಿದವನು, ಮಾವುತನ ಮಗ. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಅವನ ಹೆಸರು ಖಂಡಾಂತರಗಳಲ್ಲಿ ಹಬ್ಬಿತು. 1942ರಲ್ಲಿ ಅವನು ಮೌಗ್ಲಿಯಾಗಿಯೂ ನಟಿಸಿದನು. ಆನೆಯ ಕಿವಿಯ ಹಿಂದೆ ಕುಳಿತ ಕಾರಾಪುರದ ಹುಡುಗನನ್ನು ಲಂಡನ್ನಿನ ಮಕ್ಕಳು ಬಲ್ಲರು. ಹುಣಸೂರಿನ ಶಾಲೆಯ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು?

ಇಂದು ಕನ್ನಡದಲ್ಲಿ ಈ ವಯಸ್ಸಿನವರ ಕೈಗೆ ಕೊಡತಕ್ಕ ಗ್ರಂಥಗಳು ಇಲ್ಲವೆಂದಲ್ಲ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಕಾದಂಬರಿಯು 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆಯಿತು. ಒಂದು ಕಡೆ ಕೃಷ್ಣರಾಜಸಾಗರದ ಹಿನ್ನೀರು, ಮತ್ತೊಂದು ಕಡೆ ಕಬಿನಿಯ ಜಲಾಶಯ, ಇವೆರಡನ್ನೂ ಕಂಡಿರುವ ಈ ಸೀಮೆಯ ಮಕ್ಕಳಿಗೆ ಮುಳುಗಡೆ ಎಂಬ ಶಬ್ದಕ್ಕೆ ಟೀಕೆ ಬೇಕಾಗದು. ಅಜ್ಜಿಯನ್ನು ಕೇಳಿದರೆ ಸಾಕು. ಆದುದರಿಂದ ಮೊದಲು ಓದಿಸತಕ್ಕದ್ದು ಇದೇ. ಮೈಸೂರಿನಲ್ಲಿಯೇ ಬಾಳಿದ ಆರ್. ಕೆ. ನಾರಾಯಣರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕನ್ನಡದಲ್ಲಿಯೂ ದೊರೆಯುವುದು. ಪರೀಕ್ಷೆಯ ಭಯವನ್ನು ಇಷ್ಟು ನಗುವಿನಿಂದ ಹೇಳಿದ ಗ್ರಂಥ ವಿರಳ. ಹನ್ನೆರಡು ದಾಟಿದವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಆಗಬಹುದು. ಅದು ಮಕ್ಕಳ ಕಾದಂಬರಿಯೆಂದು ಬರೆದುದಲ್ಲ. ಆದರೂ ಹಾರುವ ಓತಿಯ ಬೆನ್ನಟ್ಟಿ ಕಾಡು ಹೊಗುವವರ ಸಂಗಡ ಹೋಗದ ಹುಡುಗನುಂಟೆ! ಕಾಡಿನ ಜನರ ಮೇಲೆ ಬಿದ್ದ ತೆರಿಗೆಯ ಕಷ್ಟವನ್ನು ಕುರಿತ ಮಾಸ್ತಿಯವರ ‘ಕಾಕನಕೋಟೆ’ ನಾಟಕವಾದುದರಿಂದ, ಓದುವುದಕ್ಕಿಂತ ಶಾಲೆಯಲ್ಲಿ ಆಡಿಸುವುದು ಲೇಸು.

ಗ್ರಂಥವಿದ್ದರೂ ಅದು ಹಳ್ಳಿಯನ್ನು ಮುಟ್ಟಬೇಕಲ್ಲವೆ? ಸಂಸ್ಥಾನದ ಕಾಲದಲ್ಲಿ ವಯಸ್ಕರ ಶಿಕ್ಷಣ ಸಮಿತಿಯು ಗ್ರಾಮಗಳಲ್ಲಿ ಪುಸ್ತಕಾಲಯಗಳನ್ನು ತೆರೆಯಿಸಿತು. 2020ರಲ್ಲಿ ‘ಓದುವ ಬೆಳಕು’ ಎಂಬ ಯೋಜನೆಯಿಂದ ಗ್ರಾಮಪಂಚಾಯಿತಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ಏರ್ಪಾಡು ನಡೆಯಿತು. ಗ್ರಂಥಪಾಲಕರು ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಒಂದು ಗೇಣು ಜಾಗವನ್ನು ಇಂತಹ ಕಾದಂಬರಿಗಳಿಗೂ ಬಿಟ್ಟರೆ, ಹಾಡಿಯ ಮಕ್ಕಳಿಗೂ ಅವು ದೊರೆತಾವು.

ಸಾಬುವಿನ ಬಾಳೇ ಕನ್ನಡದಲ್ಲಿ ಎಳೆಯರ ಕಾದಂಬರಿಯಾಗಲು ಅರ್ಹವಾದುದು. ಅವನು ಮಹಾಯುದ್ಧದಲ್ಲಿ ಅಮೆರಿಕದ ವಿಮಾನಪಡೆಯ ಗೋಲಂದಾಜನಾಗಿ ಹೋರಾಡಿ, ಆ ದೇಶದ ಪ್ರಜೆಯಾಗಿ, 1963ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡನು. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮೂರು ವರ್ಷಗಳೊಳಗೆ ಕಬಿನಿಯ ನೀರು ಆ ಪ್ರದೇಶವನ್ನು ಆವರಿಸಿತು. ಬೇಸಗೆಯಲ್ಲಿ ನೀರು ಇಳಿದು ಹಸುರು ಚಿಗುರಿದಾಗ, ಆನೆಗಳು ಈಗಲೂ ಹಿಂಡುಹಿಂಡಾಗಿ ಅಲ್ಲಿ ಮೇಯಲು ಬರುತ್ತವೆ.