ಬಿಚ್ಚಿ ಜೋಡಿಸಿದ ರೈಲಿನ ಕಥೆ

ವಿದ್ಯುತ್ ಮೋಟಾರಿನ ಚಿತ್ರವನ್ನು ನೀವೆಲ್ಲರೂ ಪಠ್ಯಪುಸ್ತಕದಲ್ಲಿ ನೋಡಿದ್ದೀರಿ. ಎರಡು ಕಾಂತಧ್ರುವಗಳ ನಡುವೆ ತಿರುಗುವ ಸುರುಳಿ, ಅದರ ತುದಿಯಲ್ಲಿ ಕಮ್ಯುಟೇಟರ್, ಅದನ್ನು ಒತ್ತಿ ನಿಂತ ಎರಡು ಇಂಗಾಲದ ಬ್ರಷ್ಷುಗಳು. ಪರೀಕ್ಷೆಯಲ್ಲಿ ಆ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕವನ್ನೂ ಪಡೆದಿರುತ್ತೀರಿ. ಆದರೆ ನಿಮ್ಮಲ್ಲಿ ಎಷ್ಟು ಮಂದಿ ನಿಜವಾದ ಮೋಟಾರೊಂದನ್ನು ಬಿಚ್ಚಿ, ಶುಚಿಮಾಡಿ, ಮತ್ತೆ ಜೋಡಿಸಿ ಓಡಿಸಿದ್ದೀರಿ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಟದ ರೈಲಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ ಲೈಪ್‌ಜಿಗ್ ಮೇಳದಲ್ಲಿ ನಿಗದಿತ ಅಳತೆಯ ಹಳಿಗಳ ಆಟದ ರೈಲನ್ನು ಪ್ರದರ್ಶಿಸಿತು. ಅಳತೆ ನಿಗದಿಯಾದ ಮೇಲೆ ಇಂದು ಕೊಂಡ ಹಳಿಗೆ ಮುಂದಿನ ವರ್ಷ ಕೊಂಡ ಹಳಿ ಸರಿಯಾಗಿ ಕೂಡುವಂತಾಯಿತು. ಬಿಡಿಭಾಗ ಎಂಬ ಕಲ್ಪನೆಗೆ ಇದೇ ಅಡಿಪಾಯ.

ಇದೇ ಕಲ್ಪನೆಯನ್ನು ಮತ್ತೊಂದು ದಿಕ್ಕಿನಲ್ಲಿ ಬೆಳೆಸಿದವರು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿ. ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ಇವರು ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟಿಕೆಗೆ 1901ರಲ್ಲಿ ಪೇಟೆಂಟ್ ಪಡೆದರು. ಮುಂದೆ ಮೆಕಾನೊ ಎಂದು ಹೆಸರಾದದ್ದು ಇದೇ. 1920ರಲ್ಲಿ ಅವರು ಕೀಲಿ ಕೊಟ್ಟರೆ ಓಡುವ ತಗಡಿನ ರೈಲನ್ನು ಮಾರುಕಟ್ಟೆಗೆ ತಂದಾಗ ಅದನ್ನೂ ಮೆಕಾನೊ ರೀತಿಯಲ್ಲೇ ನಟ್ಟು ಬೋಲ್ಟುಗಳಿಂದ ಜೋಡಿಸಿದ್ದರು. ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಕೊಂಡು ಮನೆಯಲ್ಲೇ ಬದಲಿಸಬಹುದಾಗಿತ್ತು. ‘ಇದನ್ನು ಬಿಚ್ಚಿದರೆ ಬೈಯುತ್ತೇವೆ’ ಎಂದು ಹಿರಿಯರು ಹೇಳುವ ಕಾಲದಲ್ಲಿ, ತಯಾರಕರೇ ‘ಬಿಚ್ಚಿ ನೋಡು’ ಎಂದು ಮಗುವಿನ ಕೈಗೆ ಸ್ಪ್ಯಾನರ್ ಕೊಟ್ಟಂತಾಯಿತು!

ಆದರೆ ಎಲ್ಲವನ್ನೂ ಮಗುವೇ ಬಿಚ್ಚುವುದು ಕ್ಷೇಮವೇ? 1925ರಲ್ಲಿ ಹಾರ್ನ್‌ಬಿ ವಿದ್ಯುತ್ ರೈಲು ಬಂತು. ಮನೆಯ ವಿದ್ಯುತ್ ಸಂಪರ್ಕದಿಂದಲೇ, ನಡುವೆ ಒಂದು ಬಲ್ಬನ್ನು ರೋಧವಾಗಿ ಇಟ್ಟು, ಹಳಿಗೆ ವಿದ್ಯುತ್ ಹರಿಸುವ ವ್ಯವಸ್ಥೆ ಅದು. ಶ್ರೇಣಿ ಜೋಡಣೆಯನ್ನು ಓದಿರುವ ನಿಮಗೆ ಇದರ ಅಪಾಯ ಒಡನೆ ಹೊಳೆಯಬೇಕು. ರೈಲು ಓಡುತ್ತಿರುವಾಗ ಬಲ್ಬು ವೋಲ್ಟೇಜಿನ ಒಂದು ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ. ಎಂಜಿನನ್ನು ಎತ್ತಿಟ್ಟರೆ ಮಂಡಲ ಕಡಿಯುತ್ತದೆ. ಆಗ ಹಳಿಯನ್ನು ಮುಟ್ಟಿದ ಕೈಗೆ ಪೂರ್ಣ ವೋಲ್ಟೇಜ್ ಎದುರಾಗುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್ ಬಳಸಿ ಕಡಿಮೆ ವೋಲ್ಟೇಜಿನಲ್ಲಿ ಓಡುವ ರೈಲುಗಳು ಬಂದವು. ಆಗ ಮಕ್ಕಳ ಕೈ ಮತ್ತೆ ಎಂಜಿನಿನ ಮೇಲೆ ನಿರ್ಭಯವಾಗಿ ಆಡಬಹುದಾಯಿತು.

1938ರಲ್ಲಿ ಹಾರ್ನ್‌ಬಿ ಡಬ್ಲೊ ಎಂಬ ಚಿಕ್ಕ ರೈಲು ಬಂತು. ಹಳಿಗಳ ನಡುವಿನ ಅಂತರ ಕೇವಲ 16.5 ಮಿಲಿಮೀಟರ್. ಯಾವ ದುರಸ್ತಿ ಮನೆಯದು, ಯಾವುದು ಕುಶಲಕರ್ಮಿಯದು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಕಮ್ಯುಟೇಟರಿನ ಕೊಳೆ ಒರೆಸುವುದು, ಸವೆದ ಬ್ರಷ್ಷನ್ನು ಬದಲಿಸುವುದು, ಗೇರಿಗೆ ಒಂದೇ ತೊಟ್ಟು ಎಣ್ಣೆ ಬಿಡುವುದು, ಇವೆಲ್ಲ ಮನೆಯ ಕೆಲಸ. ಎಣ್ಣೆ ಎರಡು ತೊಟ್ಟಾದರೆ ಅದು ಕಮ್ಯುಟೇಟರಿಗೆ ಹರಿದು, ಇಂಗಾಲದ ಪುಡಿಯೊಡನೆ ಬೆರೆತು ಹೊಸ ರೋಗಕ್ಕೆ ಕಾರಣವಾದೀತು.

ಅಯಸ್ಕಾಂತದ ವಿಷಯ ಬೇರೆ. ಹಳೆಯ ಮೋಟಾರಿನಿಂದ ತಿರುಗುವ ಭಾಗವನ್ನು ಹೊರತೆಗೆದರೆ ಧ್ರುವಗಳ ನಡುವಿನ ಕಬ್ಬಿಣದ ಹಾದಿ ಕಡಿದುಹೋಗಿ, ಕಾಂತಶಕ್ತಿ ಕುಂದಬಹುದು. ಆದ್ದರಿಂದ ಬಿಚ್ಚುವಾಗ ಧ್ರುವಗಳಿಗೆ ಮೆದುಕಬ್ಬಿಣದ ತುಂಡೊಂದನ್ನು ಅಡ್ಡಲಾಗಿ ಇಡಬೇಕು. ನಿಮ್ಮ ಪ್ರಯೋಗಾಲಯದ ಕುದುರೆಲಾಳ ಅಯಸ್ಕಾಂತಕ್ಕೆ ಇಡುವ ಪಟ್ಟಿಯ ಕೆಲಸವೂ ಇದೇ. ಶಕ್ತಿ ಕುಂದಿಹೋದ ಮೇಲೆ ಅದನ್ನು ಮತ್ತೆ ತುಂಬಲು ಪ್ರಬಲ ಕಾಂತಕ್ಷೇತ್ರ ಉಂಟುಮಾಡುವ ಸಾಧನ ಬೇಕು. ಅದು ಪರಿಣತರ ಕೆಲಸ.

ಯಾರ ಕೈಯಲ್ಲೂ ಆಗದ ದುರಸ್ತಿಯೂ ಉಂಟು. ಆ ಕಾಲದ ಹಲವು ಭಾಗಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಎರಕದಲ್ಲಿ ಅತ್ಯಲ್ಪ ಸೀಸ ಬೆರೆತಿದ್ದರೂ ಸಾಕು, ತೇವದ ಗಾಳಿಯಲ್ಲಿ ಲೋಹದ ಕಣಗಳ ಅಂಚಿನಲ್ಲಿ ಸವೆತ ಆರಂಭವಾಗಿ, ಭಾಗ ಉಬ್ಬಿ, ಬಿರಿದು, ಕೊನೆಗೆ ರಸ್ಕಿನಂತೆ ಪುಡಿಯಾಗುತ್ತದೆ. ಇದಕ್ಕೆ ಬೆಸುಗೆಯಿಲ್ಲ, ಅಂಟಿಲ್ಲ. ಹೊಸ ಭಾಗ ಮಾಡಿಸಿ ಹಾಕುವುದೊಂದೇ ದಾರಿ.

ಇನ್ನು ಸುಧಾರಣೆಯ ಕಥೆ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯಾರ್ಥಿಗಳ ಮಾದರಿ ರೈಲು ಸಂಘವೊಂದು ಹುಟ್ಟಿತು. ಕೆಲವರಿಗೆ ಬೆಟ್ಟ, ಮನೆ, ನಿಲ್ದಾಣ ಕಟ್ಟುವುದರಲ್ಲಿ ಆಸಕ್ತಿ. ಇನ್ನು ಕೆಲವರಿಗೆ ಹಲಗೆಯ ಕೆಳಗಿನ ತಂತಿಗಳ ಮೇಲೆ ಕಣ್ಣು! ಈ ಎರಡನೆಯ ಗುಂಪು ದೂರವಾಣಿ ವಿನಿಮಯ ಕೇಂದ್ರಗಳ ರಿಲೇಗಳನ್ನು ಜೋಡಿಸಿ, ಹಲವು ರೈಲುಗಳನ್ನು ಏಕಕಾಲಕ್ಕೆ ನಡೆಸುವ ವ್ಯವಸ್ಥೆಯನ್ನು ತಾನೇ ಕಟ್ಟಿತು. ಜಾಣ ಜೋಡಣೆಗೆ ಅವರು ಬಳಸುತ್ತಿದ್ದ ‘ಹ್ಯಾಕ್’ ಎಂಬ ಪದವೇ ಮುಂದೆ ಕಂಪ್ಯೂಟರ್ ಲೋಕಕ್ಕೆ ಹೋಯಿತು. 1962ರಲ್ಲಿ ‘ಸ್ಪೇಸ್‌ವಾರ್’ ಎಂಬ ಹೆಸರಾಂತ ಕಂಪ್ಯೂಟರ್ ಆಟವನ್ನು ರೂಪಿಸಿದವರಲ್ಲಿ ಈ ಸಂಘದ ಹುಡುಗರೂ ಇದ್ದರು. ಆಟದ ರೈಲಿನ ಅಡಿಯಲ್ಲಿ ಅಂಗಾತ ಮಲಗಿ ತಂತಿ ಎಳೆದವರು ಕಂಪ್ಯೂಟರ್ ಯುಗದ ಬಾಗಿಲನ್ನು ತೆರೆದವರಲ್ಲಿ ಸೇರಿದರು ಎಂಬುದನ್ನು ಗಮನಿಸಿ.

ಕಾಲ ಸರಿದಂತೆ ಕಂಪ್ಯೂಟರ್ ತಂತ್ರವೇ ಎಂಜಿನಿನ ಒಳಗೆ ಬಂದು ಕುಳಿತಿತು. 1980ರ ದಶಕದಲ್ಲಿ ಜರ್ಮನಿಯ ಬರ್ನ್ಡ್ ಲೆಂಟ್ಸ್ ಅವರ ಸಂಸ್ಥೆ ರೂಪಿಸಿದ ಡಿಜಿಟಲ್ ನಿಯಂತ್ರಣವನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ 1990ರ ದಶಕದಲ್ಲಿ ಸಾಮಾನ್ಯ ಮಾನಕವನ್ನು ಪ್ರಕಟಿಸಿತು. ಇದರಲ್ಲಿ ಹಳಿಯ ಮೂಲಕ ವಿದ್ಯುತ್ತಿನ ಜೊತೆಗೆ ಸಂದೇಶವೂ ಹರಿಯುತ್ತದೆ. ಪ್ರತಿ ಎಂಜಿನಿಗೂ ಒಂದು ವಿಳಾಸ. ಒಳಗಿನ ಡಿಕೋಡರ್ ತನ್ನ ವಿಳಾಸದ ಆಜ್ಞೆಯನ್ನಷ್ಟೇ ಪಾಲಿಸುತ್ತದೆ. ಹಳೆಯ ಎಂಜಿನಿಗೂ ಇದನ್ನು ಅಳವಡಿಸಬಹುದು. ಕೆಂಪು, ಕಪ್ಪು ತಂತಿಗಳು ಹಳಿಯ ಕಡೆಗೆ. ಕಿತ್ತಳೆ, ಬೂದು ತಂತಿಗಳು ಮೋಟಾರಿಗೆ.

ಹೇಳುವುದು ಸುಲಭ. ವಿಜ್ಞಾನ ಪದವೀಧರನೆಂಬ ಹೆಮ್ಮೆಯಿಂದ ನಾನೂ ಒಮ್ಮೆ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ಹಳೆಯ ಎಂಜಿನೊಂದಕ್ಕೆ ಈ ನಾಲ್ಕು ತಂತಿಗಳನ್ನು ಬೆಸೆದೆ. ವಿದ್ಯುತ್ ಹರಿಸಿದ ಕ್ಷಣದಲ್ಲೇ ಸಣ್ಣ ಹೊಗೆ, ಸುಟ್ಟ ವಾಸನೆ! ಸ್ಟುಡಿಯೋದ ಧ್ವನಿವರ್ಧಕಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರು ಎಂಜಿನನ್ನು ತಿರುಗಿಸಿ ನೋಡಿ, “ಮೊದ್ಲು ಮೀಟರ್ ಇಟ್ಟು ನೋಡ್ಬೇಕಿತ್ತಲ್ವಾ ಸಾರ್” ಎಂದರು. ಆ ಎಂಜಿನಿನಲ್ಲಿ ಒಂದು ಬ್ರಷ್ಷು ನೇರವಾಗಿ ಲೋಹದ ಚೌಕಟ್ಟಿಗೆ ಸೇರಿತ್ತು. ಮೋಟಾರನ್ನು ಚೌಕಟ್ಟಿನಿಂದ ವಿದ್ಯುತ್ ಹರಿಯದಂತೆ ಬೇರ್ಪಡಿಸದೆ ಡಿಕೋಡರ್ ಹಾಕಬಾರದು. ಸೂತ್ರ ನನಗೆ ಗೊತ್ತಿತ್ತು, ವಸ್ತು ಗೊತ್ತಿರಲಿಲ್ಲ. ಎರಡನೆಯ ಡಿಕೋಡರನ್ನು ಅವರೇ ಹಾಕಿದರು, ನಾನು ಪಕ್ಕದಲ್ಲಿ ಕುಳಿತು ಕಲಿತೆ.

ಹಾರ್ನ್‌ಬಿ ಕಟ್ಟಿದ ಸಂಸ್ಥೆ 1964ರಲ್ಲಿ ಬೇರೆಯವರ ಕೈ ಸೇರಿತು. ಲಿವರ್‌ಪೂಲಿನ ಬಿನ್ಸ್ ರೋಡಿನ ಕಾರ್ಖಾನೆ 1979ರಲ್ಲಿ ಬಾಗಿಲು ಮುಚ್ಚಿತು. ಆದರೆ ಅಲ್ಲಿ ತಯಾರಾದ ರೈಲುಗಳು ಸಂಗ್ರಾಹಕರ ಮನೆಗಳಲ್ಲಿ ಇಂದಿಗೂ ಓಡುತ್ತಿವೆ. ಅವನ್ನು ಬಿಚ್ಚಲು ಸಾಧ್ಯವಿತ್ತು, ಬಿಚ್ಚಲು ಬಲ್ಲವರು ಆ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸಿದರು. ತೆರೆಯಲಾಗದ ವಸ್ತುವಿನ ಆಯುಷ್ಯ ತಯಾರಕರ ಕೈಯಲ್ಲಿರುತ್ತದೆ. ತೆರೆಯಬಹುದಾದ ವಸ್ತುವಿನ ಆಯುಷ್ಯ ನಮ್ಮ ಕೈಯಲ್ಲಿರುತ್ತದೆ.

ಈ ರಜೆಯಲ್ಲಿ, ಸೆಲ್ಲಿನಿಂದ ಓಡುವ ಕೆಟ್ಟ ಆಟಿಕೆಯೊಂದನ್ನು ಹುಡುಕಿ. ಸೆಲ್ಲನ್ನು ತೆಗೆದಿಡಿ. ಒಂದೊಂದು ತಿರುಪನ್ನು ಬಿಚ್ಚಿದಂತೆ ಅದರ ಜಾಗವನ್ನು ನೋಟ್‌ಪುಸ್ತಕದಲ್ಲಿ ಗುರುತುಮಾಡಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಾವುದಕ್ಕೂ ಒಬ್ಬರೇ ಕೈ ಹಾಕಬೇಡಿ. ಅರ್ಧಕ್ಕೆ ತೊಡಕಾದರೆ ನಿಮ್ಮ ಬೀದಿಯ ರಿಪೇರಿ ಅಂಗಡಿಗೆ ಹೋಗಿ, ಆದರೆ ವಸ್ತುವನ್ನು ಕೊಟ್ಟು ಬಂದುಬಿಡಬೇಡಿ. ಅಲ್ಲೇ ನಿಂತು ನೋಡಿ, ಕೇಳಿ. ಪಠ್ಯಪುಸ್ತಕದ ಆ ಚಿತ್ರ ಅಂದು ನಿಮ್ಮ ಅಂಗೈಯಲ್ಲಿ ತಿರುಗೀತು.