ಉರುಳುವ ಉಕ್ಕಿನ ನಡುವಿನ ಪೊರೆ

ಎತ್ತಿನ ಗಾಡಿ ಇದ್ದ ಮನೆಗಳಲ್ಲಿ ಕೀಲೆಣ್ಣೆಯೂ ಇರುತ್ತಿತ್ತು. ಹರಳೆಣ್ಣೆಯಲ್ಲಿ ಹುಲ್ಲು ಸುಟ್ಟ ಕರಿಯನ್ನು ಕಲಸಿದ ಆ ಕಪ್ಪು ಮುದ್ದೆಯನ್ನು ಅಚ್ಚಿಗೆ ಬಳಿದ ಮೇಲೆಯೇ ದೂರದ ಪಯಣಕ್ಕೆ ಗಾಡಿ ಹೂಡುತ್ತಿದ್ದರು. ಬಳಿಯದೆ ಹೊರಟರೆ ಗಾಡಿ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು, ಎತ್ತುಗಳು ಬೇಗ ದಣಿಯುತ್ತಿದ್ದವು. ಗಾಲಿ ನೆಲದ ಮೇಲೆ ಉರುಳುತ್ತದೆ, ನಿಜ. ಆದರೆ ಗುಂಬದೊಳಗೆ ಅದು ಅಚ್ಚಿನ ಮೇಲೆ ಜಾರುತ್ತದೆ. ಜಾರುವಲ್ಲಿ ಉಜ್ಜಾಟ, ಉಜ್ಜಾಟವಿದ್ದಲ್ಲಿ ಸವೆತ. ಎಣ್ಣೆ ಬೇಕಾದದ್ದು ಅಲ್ಲಿಗೆ.

ಹಾಗಾದರೆ ಜಾರುವುದನ್ನೇ ತಪ್ಪಿಸಿ, ಅಚ್ಚಿಗೂ ಗುಂಬಕ್ಕೂ ನಡುವೆ ಉಕ್ಕಿನ ಗುಂಡುಗಳನ್ನಿಟ್ಟು, ಅಲ್ಲಿಯೂ ಉರುಳುವಂತೆಯೇ ಮಾಡಿಬಿಟ್ಟರೆ? ಬಾಲ್ ಬೇರಿಂಗಿನ ಹಿಂದಿರುವುದು ಈ ಸರಳ ಯೋಚನೆ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಕ್ ಫಿಶರ್, ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ದುಂಡಗೆ ಅರೆಯುವ ಯಂತ್ರವನ್ನು ರೂಪಿಸಿದ. ಸೈಕಲ್ಲಿನ ಜೊತೆಗೆ ಬಾಲ್ ಬೇರಿಂಗು ಲೋಕವನ್ನೆಲ್ಲ ಸುತ್ತಿತು. ಆದರೆ ಅದಕ್ಕೂ ಗ್ರೀಸು ಬೇಕು ಎಂಬುದು ಸೈಕಲ್ ರಿಪೇರಿ ಅಂಗಡಿಯ ಹುಡುಗನಿಗೂ ಗೊತ್ತು. ಗ್ರೀಸು ಹಾಕಿ ಎಷ್ಟೇ ಜೋಪಾನ ಮಾಡಿದರೂ ಅದು ಒಂದು ದಿನ ಹಾಳಾಗುತ್ತದೆ. ಉಜ್ಜಾಟವೇ ಇಲ್ಲದಲ್ಲಿ ಎಣ್ಣೆಗೇನು ಕೆಲಸ? ಎಣ್ಣೆ ಇದ್ದೂ ಉಕ್ಕು ಸಾಯುವುದೇಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಲು ಮುಕ್ಕಾಲು ಶತಮಾನವೇ ಹಿಡಿಯಿತು.

ಮೊದಲು ಜಾರುವ ಬೇರಿಂಗಿನ ಗುಟ್ಟು ಬಯಲಾಯಿತು, ಅದೂ ಆಕಸ್ಮಿಕವಾಗಿ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೀಚಮ್ ಟವರ್ ಎಂಬಾತ ರೈಲು ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದಿದ್ದ. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗಿಳಿಯುವ ಬದಲು ಅದೇ ತೂತಿನಿಂದ ಮೇಲೆ ಉಕ್ಕಿತು. ಬಿರಡೆ ಜಡಿದರೆ ಬಿರಡೆಯನ್ನೇ ಹೊರದಬ್ಬಿತು. ಒತ್ತಡಮಾಪಕ ಜೋಡಿಸಿ ನೋಡಿದರೆ, ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಒತ್ತಡದ ಎರಡು ಪಟ್ಟಿಗೂ ಹೆಚ್ಚು! ಅಚ್ಚು ಲೋಹದ ಮೇಲೆ ಕೂತಿರಲೇ ಇಲ್ಲ, ಎಣ್ಣೆಯ ಮೇಲೆ ತೇಲುತ್ತಿತ್ತು. 1886ರಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ಕೊಟ್ಟ. ತಿರುಗುವ ಅಚ್ಚು ತನ್ನ ಮೈಗಂಟಿದ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಇಕ್ಕಟ್ಟಿಗೆ ಸಿಕ್ಕ ಎಣ್ಣೆ ಬೆಣೆಯಂತೆ ನಿಂತು ಭಾರವನ್ನು ಎತ್ತಿ ಹಿಡಿಯುತ್ತದೆ.

ಉರುಳುವ ಗುಂಡಿನ ಪಾಡು ಬೇರೆ. ಅಚ್ಚು ಮತ್ತು ಬೇರಿಂಗು ಅಂಗೈಯಗಲದ ಜಾಗದಲ್ಲಿ ಭಾರ ಹಂಚಿಕೊಂಡರೆ, ಗುಂಡಿಗೆ ಸಿಗುವುದು ಹೆಚ್ಚುಕಡಿಮೆ ಒಂದು ಚುಕ್ಕೆ. ಆ ಚುಕ್ಕೆ ಎಷ್ಟು ದೊಡ್ಡದು ಎಂಬ ಲೆಕ್ಕವನ್ನು 1881ರಲ್ಲಿ ಮುಂದಿಟ್ಟವನು 23 ವರ್ಷದ ಹೈನ್‌ರಿಕ್ ಹರ್ಟ್ಸ್. ಮುಂದೆ ರೇಡಿಯೋ ಅಲೆಗಳಿಂದ ಹೆಸರಾದವನೂ ಇವನೇ. ಒಂದರ ಮೇಲೊಂದು ಒತ್ತಿದ ಗಾಜಿನ ಮಸೂರಗಳು ತುಸುವೇ ಚಪ್ಪಟೆಯಾಗುವುದನ್ನು ಕುರಿತು ಯೋಚಿಸುತ್ತ ಅವನು ಈ ಲೆಕ್ಕಕ್ಕೆ ಬಂದ. ಅವನ ಸೂತ್ರವನ್ನು ಬಾಲ್ ಬೇರಿಂಗಿಗೆ ಹಚ್ಚಿದರೆ ಬರುವ ಒತ್ತಡ ವಾತಾವರಣದ ಒತ್ತಡದ 10,000ದಿಂದ 30,000 ಪಟ್ಟು! ಸಾಗರದ ಅತ್ಯಂತ ಆಳದ ತಳದಲ್ಲೂ ಇರುವುದು ಸುಮಾರು 1,100 ಪಟ್ಟು ಮಾತ್ರ.

ಇಂಥ ಒತ್ತಡದಲ್ಲಿ ಎಣ್ಣೆ ಉಳಿದೀತೇ? ಪರಸ್ಪರ ಒತ್ತಿಕೊಂಡು ಉರುಳುತ್ತಲೂ ಜಾರುತ್ತಲೂ ಸಾಗುವ ಗೇರ್ ಹಲ್ಲುಗಳದ್ದೂ ಇದೇ ಕಥೆ. 1916ರಲ್ಲಿ ಇಂಗ್ಲೆಂಡಿನ ಎಚ್.ಎಂ. ಮಾರ್ಟಿನ್ ರೆನಾಲ್ಡ್ಸನ ಸಮೀಕರಣವನ್ನು ಗೇರ್ ಹಲ್ಲುಗಳಿಗೆ ಅನ್ವಯಿಸಿದ. ಬಂದ ಉತ್ತರ ನಿರಾಶೆಯದು. ಎಣ್ಣೆಯ ಪೊರೆ ಹಲ್ಲಿನ ಮೇಲ್ಮೈಯ ಉಬ್ಬುತಗ್ಗುಗಳಿಗಿಂತಲೂ ತೆಳುವಾಗಿರಬೇಕು, ಎಂದರೆ ಇಲ್ಲದಂತೆಯೇ ಸರಿ. ಆದರೆ ವರ್ಷಗಟ್ಟಲೆ ದುಡಿದ ಗೇರುಗಳಲ್ಲಿ ಅವನ್ನು ಅರೆದಾಗ ಬಿದ್ದ ಗೀರುಗಳು ಅಳಿಯದೆ ಉಳಿದಿರುವುದುಂಟು. ಲೋಹಕ್ಕೆ ಲೋಹ ತಗುಲಿದ್ದರೆ ಆ ಗೀರುಗಳು ಉಳಿಯುತ್ತಿರಲಿಲ್ಲ. ಲೆಕ್ಕ ಒಂದು ಹೇಳುತ್ತಿತ್ತು, ಯಂತ್ರ ಇನ್ನೊಂದು ಹೇಳುತ್ತಿತ್ತು.

ಮಾರ್ಟಿನ್ನನ ಲೆಕ್ಕದಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿದ್ದವು. ಮೊದಲನೆಯದು ಹರ್ಟ್ಸ್ ಹೇಳಿದ್ದು: ಉಕ್ಕು ಕೂಡ ಒತ್ತಡಕ್ಕೆ ಮಣಿದು ಚಪ್ಪಟೆಯಾಗುತ್ತದೆ. ಎರಡನೆಯದು ಅಮೆರಿಕದ ಕಾರ್ಲ್ ಬರಸ್ 1893ರಲ್ಲೇ ತೋರಿಸಿದ್ದು: ಒತ್ತಡ ಏರಿದಂತೆ ದ್ರವದ ಸ್ನಿಗ್ಧತೆ ಗುಣಿಸಿದಂತೆ ಏರುತ್ತದೆ. ಗುಂಡಿನ ಕೆಳಗೆ ಸಿಕ್ಕ ಎಣ್ಣೆ ಲಕ್ಷಾಂತರ ಪಟ್ಟು ಮಂದವಾಗಿ ಕ್ಷಣಮಾತ್ರಕ್ಕೆ ಘನವಸ್ತುವಿನಂತೆ ವರ್ತಿಸುತ್ತದೆ. ಹೊರಗೆ ಚಿಮ್ಮಲು ಅದಕ್ಕೆ ಸಮಯವೇ ಇರುವುದಿಲ್ಲ. ಉಕ್ಕು ತುಸು ಮೆತ್ತಗಾಗುತ್ತದೆ, ಎಣ್ಣೆ ತುಸು ಗಟ್ಟಿಯಾಗುತ್ತದೆ. ಆ ಹೊಂದಾಣಿಕೆಯಲ್ಲಿ ಪೊರೆ ಬದುಕುತ್ತದೆ.

ಈ ಎರಡು ಎಳೆಗಳನ್ನು ಹೊಸೆದವನು ಮಾಸ್ಕೋದಲ್ಲಿ ದುಡಿಯುತ್ತಿದ್ದ ಅಲೆಕ್ಸಾಂಡರ್ ಎರ್ಟೆಲ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆತ ಪಶ್ಚಿಮ ಜರ್ಮನಿ ಸೇರಿಕೊಂಡ. ಸ್ಟಾಲಿನ್ ಕಾಲದ ರಷ್ಯಾದಲ್ಲಿ ಹಾಗೆ ದೇಶ ಬಿಟ್ಟವನ ಹೆಸರೆತ್ತುವುದು ಸಾಧ್ಯವಿರಲಿಲ್ಲ. 1949ರಲ್ಲಿ ಆ ಸಿದ್ಧಾಂತ ಪ್ರಕಟವಾದದ್ದು ಸಹೋದ್ಯೋಗಿ ಗ್ರೂಬಿನ್ನನ ಹೆಸರಿನಲ್ಲಿ. ಪಠ್ಯಪುಸ್ತಕಗಳು ಬಹುಕಾಲ ಅದನ್ನು ಗ್ರೂಬಿನ್ನನ ಸೂತ್ರವೆಂದೇ ಕರೆದವು. ಎರ್ಟೆಲ್ ತನ್ನ ಕೆಲಸವನ್ನು ಸ್ವಂತ ಹೆಸರಿನಲ್ಲಿ ಜರ್ಮನಿಯಲ್ಲಿ ಅಚ್ಚು ಹಾಕಿಸಿದ್ದು 1984ರಲ್ಲಿ. ಉಕ್ಕಿನ ನಡುವೆ ಎಣ್ಣೆ ಉಳಿಯುತ್ತದೆಂದು ತೋರಿಸಿದವನ ಹೆಸರು ಮಾತ್ರ ಎರಡು ರಾಜ್ಯವ್ಯವಸ್ಥೆಗಳ ನಡುವೆ ಸಿಕ್ಕಿ ಮೂವತ್ತೈದು ವರ್ಷ ಅಡಗಿತ್ತು.

1959ರಲ್ಲಿ ಇಂಗ್ಲೆಂಡಿನ ಡಂಕನ್ ಡೌಸನ್ ಮತ್ತು ಗಾರ್ಡನ್ ಹಿಗ್ಗಿನ್ಸನ್ ಈ ಲೆಕ್ಕವನ್ನು ಇನ್ನಷ್ಟು ನಿಖರವಾಗಿ ಬಿಡಿಸಿದರು. ಆದರೂ ಕಣ್ಣಾರೆ ಕಂಡವರಿರಲಿಲ್ಲ. 1963ರಲ್ಲಿ ಲಂಡನ್ನಿನಲ್ಲಿ ಗೊಹರ್ ಮತ್ತು ಕ್ಯಾಮರೂನ್ ಉಕ್ಕಿನ ಗುಂಡನ್ನು ಗಾಜಿಗೆ ಒತ್ತಿ ಉರುಳಿಸಿ, ಬೆಳಕು ಹಾಯಿಸಿ ನೋಡಿದರು. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಬಿದ್ದ ಪೆಟ್ರೋಲು ಬಣ್ಣಬಣ್ಣವಾಗಿ ಹೊಳೆಯುವಂತೆ ಅಲ್ಲೂ ಬಣ್ಣದ ಪಟ್ಟೆಗಳು ಮೂಡಿದವು. ಬಣ್ಣದಿಂದಲೇ ಪೊರೆಯ ದಪ್ಪ ಅಳೆಯಬಹುದಾಗಿತ್ತು. ಇಂಥ ಪೊರೆಯ ದಪ್ಪ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ಕಡಿಮೆ. ತಲೆಗೂದಲಿನ ನೂರನೇ ಒಂದು ಪಾಲೂ ಇಲ್ಲ. ಕಾರಿನ ಗೇರುಪೆಟ್ಟಿಗೆ, ಕಾರ್ಖಾನೆಯ ಮೋಟಾರು, ವಿಮಾನದ ಎಂಜಿನ್ ಎಲ್ಲವೂ ನಂಬಿರುವುದು ಇದನ್ನೇ.

ಇನ್ನು ಎರಡನೆಯ ಪ್ರಶ್ನೆ. ಲೋಹಗಳು ಪರಸ್ಪರ ತಗಲದಿದ್ದರೂ ಬೇರಿಂಗು ಹಾಳಾಗುವುದೇಕೆ? ಪೊರೆ ತಗಲುವುದನ್ನು ತಡೆಯುತ್ತದೆ, ಭಾರವನ್ನು ತಡೆಯುವುದಿಲ್ಲ. ಗುಂಡು ಹಾದುಹೋದ ಪ್ರತಿ ಸಲವೂ ಉಕ್ಕಿನ ಮೇಲ್ಮೈಗಿಂತ ತುಸು ಕೆಳಗೆ ಹಿಸುಕಾಟ ನಡೆಯುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಕೊನೆಗೆ ತುಂಡಾಗುವಂತೆ, ಕೋಟಿಗಟ್ಟಲೆ ಸುತ್ತುಗಳ ನಂತರ ಅಲ್ಲೊಂದು ಬಿರುಕು ಹುಟ್ಟಿ, ಮೇಲೆ ಬಂದು, ಚಕ್ಕೆ ಏಳುತ್ತದೆ. ಇದಕ್ಕೆ ಲೋಹದ ದಣಿವು ಎಂದು ಹೆಸರು. 1947ರಲ್ಲಿ ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಇದಕ್ಕೊಂದು ಲೆಕ್ಕ ಕೊಟ್ಟರು. ಬಾಲ್ ಬೇರಿಂಗಿನ ಮೇಲೆ ಭಾರವನ್ನು ಇಮ್ಮಡಿ ಮಾಡಿದರೆ ಅದರ ಆಯುಸ್ಸು ಅರ್ಧಕ್ಕಲ್ಲ, ಎಂಟನೇ ಒಂದು ಪಾಲಿಗೆ ಇಳಿಯುತ್ತದೆ.

ಸ್ವಾರಸ್ಯದ ಇನ್ನೊಂದು ಸಂಗತಿಯನ್ನು 1935ರಲ್ಲಿ ಅಮೆರಿಕದ ಸ್ಟೂವರ್ಟ್ ವೇ ಕಂಡುಕೊಂಡಿದ್ದ. ಅವನ ಪ್ರಯೋಗದಲ್ಲಿ ಉರುಳುವ ಉಕ್ಕಿನ ಮೇಲೆ ಕುಳಿಗಳು ಬಿದ್ದದ್ದು ಎಣ್ಣೆ ಇದ್ದಾಗ, ಒಣಗಿದ್ದಾಗ ಬೀಳಲಿಲ್ಲ. ಮೇಲ್ಮೈಯಲ್ಲಿ ಬಾಯ್ದೆರೆದ ಸಣ್ಣ ಬಿರುಕಿನೊಳಗೆ ಎಣ್ಣೆ ನುಗ್ಗುತ್ತದೆ, ಉರುಳಿ ಬಂದ ಚಕ್ರ ಬಿರುಕಿನ ಬಾಯಿ ಮುಚ್ಚುತ್ತದೆ, ಒಳಗೆ ಸಿಕ್ಕ ಎಣ್ಣೆ ಬೆಣೆಯಂತೆ ಬಿರುಕನ್ನು ಸೀಳುತ್ತದೆ ಎಂದು ಅವನು ವಿವರಿಸಿದ. ಸಾಕಷ್ಟು ಮಂದವಾದ ಎಣ್ಣೆ ಬಳಸಿದಾಗ ಕುಳಿಗಳು ಬೀಳಲಿಲ್ಲ. ಕಾಯುವ ಎಣ್ಣೆಯೇ ಕೊಲ್ಲಲೂ ಬಲ್ಲದು. ಯಾವ ಎಣ್ಣೆ, ಎಲ್ಲಿಗೆ ಎಂಬುದೇ ಮುಖ್ಯ.

ಹಳಿ ಮತ್ತು ರೈಲುಗಾಲಿಯ ನಡುವೆಯಂತೂ ಎಣ್ಣೆಯ ಪೊರೆ ಇರುವಂತೆಯೇ ಇಲ್ಲ. ಅಲ್ಲಿ ಹಿಡಿತ ಬೇಕು. ಇಲ್ಲವಾದರೆ ಎಂಜಿನ್ನು ಎಳೆಯಲಾರದು, ಬ್ರೇಕು ನಿಲ್ಲಿಸಲಾರದು. ತಿರುವುಗಳಲ್ಲಿ ಹಳಿಯ ಒಳಮಗ್ಗುಲಿಗೆ ಗ್ರೀಸು ಹಚ್ಚುವುದುಂಟು, ನೆತ್ತಿಗಲ್ಲ. ಬೆಂಗಳೂರಿನ ಯಲಹಂಕದ ಕಾರ್ಖಾನೆಯಲ್ಲಿ ತಯಾರಾಗುವ ಗಾಲಿಯೂ ಹಳಿಯನ್ನು ಮುಟ್ಟುವುದು ಒಂದು ಸಣ್ಣ ನಾಣ್ಯದಷ್ಟು ಜಾಗದಲ್ಲಿ. ಹತ್ತು ಟನ್ನಿನ ಭಾರ ಆ ನಾಣ್ಯದ ಮೇಲೆ.

ಇದರ ಬೆಲೆ ಏನೆಂಬುದು 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಬಳಿ ತಿಳಿಯಿತು. ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ ಲಂಡನ್ನಿನಿಂದ ಲೀಡ್ಸಿಗೆ ಹೋಗುತ್ತಿದ್ದ ರೈಲಿನಡಿ ತಿರುವಿನ ಹಳಿ 300ಕ್ಕೂ ಹೆಚ್ಚು ಚೂರುಗಳಾಗಿ ಸಿಡಿಯಿತು. ನಾಲ್ವರು ಸತ್ತರು, 70ಕ್ಕೂ ಹೆಚ್ಚು ಜನ ಗಾಯಗೊಂಡರು. ಉರುಳುವ ಗಾಲಿಗಳ ಒತ್ತಡದಿಂದ ಹಳಿಯಂಚಿನಲ್ಲಿ ಹುಟ್ಟಿದ ಬಿರುಕುಗಳು ಒಳಗೊಳಗೇ ಬೆಳೆದಿದ್ದವು. ಬಿರುಕು ಇದೆಯೆಂಬುದು ಮೊದಲೇ ತಿಳಿದಿತ್ತು, ಹಳಿ ಬದಲಾಗಿರಲಿಲ್ಲ. ಆ ನಂತರ ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಕಡೆ ರೈಲುಗಳ ವೇಗ ತಗ್ಗಿಸಬೇಕಾಯಿತು.

ಹ್ಯಾಟ್‌ಫೀಲ್ಡ್ ಕಲಿಸಿದ ಪಾಠವೆಂದರೆ ಸವೆತ ಯಾವಾಗಲೂ ಶತ್ರುವಲ್ಲ. ಹಳಿಯ ಮೇಲ್ಮೈ ಮೆಲ್ಲಗೆ ಸವೆಯುತ್ತಿದ್ದರೆ ಆಗತಾನೇ ಹುಟ್ಟಿದ ಬಿರುಕುಗಳೂ ಅದರೊಡನೆ ಅಳಿಸಿಹೋಗುತ್ತವೆ. ಸವೆಯದೆ ಗಟ್ಟಿಯಾಗಿ ನಿಂತ ಹಳಿಯಲ್ಲಿ ಬಿರುಕು ಆಳಕ್ಕಿಳಿಯುತ್ತದೆ. ಆದ್ದರಿಂದಲೇ ಇಂದು ಹಲವು ದೇಶಗಳಲ್ಲಿ, ನಮ್ಮಲ್ಲೂ, ಅರೆಯುವ ಯಂತ್ರಗಳನ್ನು ಹಳಿಯ ಮೇಲೆ ಓಡಿಸಿ ಅದರ ನೆತ್ತಿಯನ್ನು ಕೂದಲೆಳೆಯಷ್ಟು ಬೇಕೆಂದೇ ಸವೆಸುತ್ತಾರೆ.

1966ರಲ್ಲಿ ಪೀಟರ್ ಜೋಸ್ಟ್ ನೇತೃತ್ವದ ಸಮಿತಿಯೊಂದು ಉಜ್ಜಾಟ, ಸವೆತ, ಕೀಲೆಣ್ಣೆಗಳ ಶಾಸ್ತ್ರಕ್ಕೆ ಟ್ರೈಬಾಲಜಿ ಎಂಬ ಹೆಸರನ್ನು ಮುಂದಿಟ್ಟಿತು. ಈ ವಿಷಯದಲ್ಲಿ ಜಾಗ್ರತೆ ವಹಿಸಿದರೆ ಬ್ರಿಟನ್ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿಸಬಹುದೆಂದು ಲೆಕ್ಕ ಕೊಟ್ಟಿತು. ಗಾಡಿ ಹೊಡೆಯುವವನು ಹೊರಡುವ ಮುನ್ನ ಬಗ್ಗಿ ಅಚ್ಚು ನೋಡುತ್ತಿದ್ದುದೂ ಇದೇ ಜಾಗ್ರತೆ. ಅವನ ಗಾಡಿ ಕಿರುಗುಟ್ಟಿ ಎಚ್ಚರಿಸುತ್ತಿತ್ತು. ದಣಿದ ಉಕ್ಕು ಸದ್ದು ಮಾಡುವುದಿಲ್ಲ. ಅದನ್ನು ನಾವೇ ಹೋಗಿ ನೋಡಬೇಕು.