ದುರಸ್ತಿಯ ಲೆಕ್ಕ: ಆಯದಿಂದ ಬಿಲ್ಲಿನವರೆಗೆ

ಬಿಲ್ಲು ಎಂಬ ಮಾತಿಗೆ ಕನ್ನಡದಲ್ಲಿ ಈಗ ಎರಡು ಅರ್ಥಗಳಿವೆ. ಒಂದು, ಬಾಣ ಹೂಡುವ ಬಿಲ್ಲು. ಅದು ನಮ್ಮ ಹಳೆಯ ಸೊತ್ತು. ಇನ್ನೊಂದು, ಅಂಗಡಿಯವನು ಕೈಗಿಡುವ ಬಿಲ್ಲು. ಅದು ಇಂಗ್ಲಿಷಿನಿಂದ ಬಂದು ನಮ್ಮದಾದುದು. ಮೋಟಾರು ಸೈಕಲ್ಲನ್ನು ಬೆಳಿಗ್ಗೆ ಸರ್ವಿಸಿಗೆ ಬಿಟ್ಟು, ಸಂಜೆ ಬಿಡಿಸಿಕೊಳ್ಳಲು ಹೋದವನಿಗೆ ಈ ಎರಡರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲವೆಂದು ತೋರಿದರೆ ಆಶ್ಚರ್ಯವಿಲ್ಲ. ಹಾಸ್ಯ ಹಾಗಿರಲಿ. ದುರಸ್ತಿಯ ಬಿಲ್ಲಿಗೂ ಒಂದು ಚರಿತ್ರೆಯುಂಟು. ಅದನ್ನು ತಿಳಿದುಕೊಂಡರೆ ಗಿರಾಕಿಯ ಅಸಮಾಧಾನಕ್ಕೆ ಕೇವಲ ಅಂಗಡಿಯವನ ದುರಾಸೆಯೇ ಕಾರಣವಲ್ಲವೆಂದೂ, ಅದರ ಬೇರು ಇನ್ನೂ ಆಳದಲ್ಲಿದೆಯೆಂದೂ ಗೊತ್ತಾಗುತ್ತದೆ.

ಅಫಜಲಪುರ ತಾಲೂಕಿನ ಮಣ್ಣೂರ ಭೀಮಾ ನದಿಯ ದಂಡೆಯ ಊರು. ನಗರದ ಓದುಗರಿಗೆ ಮೋಟಾರು ಸೈಕಲ್ಲು ಆಫೀಸಿಗೆ ಹೋಗುವ ವಾಹನ. ಅದು ಕೆಟ್ಟ ದಿನ ಬಸ್ಸು ಹಿಡಿದರಾಯಿತು. ಇಂಥ ಊರುಗಳಲ್ಲಿ ಹಾಗಲ್ಲ. ಹಾಲಿನ ಕ್ಯಾನು, ಗೊಬ್ಬರದ ಚೀಲ, ಹೊಲಕ್ಕೆ ಒಯ್ಯುವ ಬುತ್ತಿ, ದವಾಖಾನೆಗೆ ಹೊರಟ ತಾಯಿ, ಎಲ್ಲವನ್ನೂ ಹೊರುವುದು ಅದೊಂದೇ. ಹಿಂದೆ ಎತ್ತಿನ ಬಂಡಿ ಮಾಡುತ್ತಿದ್ದ ಕೆಲಸವನ್ನು ಈಗ ಅದು ಮಾಡುತ್ತಿದೆ. ಹೀಗಿರಲು, ಬಂಡಿ ಮುರಿದಾಗ ಅದನ್ನು ಯಾರು ಸರಿಮಾಡುತ್ತಿದ್ದರು, ಅದಕ್ಕೆ ಏನು ಕೊಡುತ್ತಿದ್ದರು ಎಂಬಲ್ಲಿಂದಲೇ ನಮ್ಮ ಚರಿತ್ರೆ ಆರಂಭವಾಗಬೇಕು.

ಬಂಡಿಯ ದುರಸ್ತಿಗೆ ಬಿಲ್ಲಿರಲಿಲ್ಲ, ಆಯವಿತ್ತು. ಬಡಿಗ, ಕಮ್ಮಾರ ಮೊದಲಾದ ಆಯಗಾರರು ವರ್ಷವಿಡೀ ಒಕ್ಕಲಿಗನ ನೇಗಿಲು, ಕುಂಟೆ, ಬಂಡಿಗಳನ್ನು ನೋಡಿಕೊಳ್ಳುತ್ತಿದ್ದರು; ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಪಡೆಯುತ್ತಿದ್ದರು. ಗಡಿಯಾಚೆ ಮರಾಠಿ ಸೀಮೆಯಲ್ಲಿ ಇದಕ್ಕೇ ಬಲುತೆ ಎಂದು ಹೆಸರು. ಈ ಪದ್ಧತಿಯನ್ನು ಹಾಡಿ ಹೊಗಳಲು ನಾನು ಹೊರಟಿಲ್ಲ. ಅದು ಜಾತಿಗೆ ಕಟ್ಟಿದ ಕಸುಬು. ಕೆಲಸಗಾರನಿಗೆ ಬೇರೆ ದಾರಿ ಇರಲಿಲ್ಲ, ಪಾಲಿನ ಅಳತೆಯಲ್ಲಿ ಅನ್ಯಾಯವಾದರೆ ಕೇಳುವ ಧೈರ್ಯವೂ ಎಲ್ಲರಿಗೂ ಇರಲಿಲ್ಲ. ಆದರೆ ಅದರಲ್ಲಿ ಗಮನಿಸಬೇಕಾದ ಒಂದು ಗುಣವಿತ್ತು. ವರ್ಷದ ಪಾಲು ಮೊದಲೇ ಗೊತ್ತಾಗಿರುವಾಗ, ಗಾಲಿ ಗಟ್ಟಿಯಾಗಿ ಉಳಿದಷ್ಟೂ ಬಡಿಗನಿಗೆ ಲಾಭ. ಪದೇ ಪದೇ ಮುರಿದರೆ ಅವನಿಗೇ ನಷ್ಟ. ಕೆಲಸಕ್ಕೊಂದು ಬಿಲ್ಲು ಎಂಬ ಪದ್ಧತಿ ಬಂದ ಮೇಲೆ ಈ ಸಂಬಂಧ ತಿರುವುಮುರುವಾಯಿತು. ವಸ್ತು ಕೆಟ್ಟಾಗಲೇ ದುರಸ್ತಿಗಾರನಿಗೆ ಸಂಪಾದನೆ. ಇದು ಯಾರೊಬ್ಬರ ಕೆಟ್ಟತನವಲ್ಲ. ಲೆಕ್ಕದ ಕ್ರಮವೇ ಹಾಗೆ.

ಇನ್ನು ಮೋಟಾರು ಸೈಕಲ್ಲಿನ ಮಾತಿಗೆ ಬರೋಣ. ಸ್ವತಂತ್ರ ಭಾರತದಲ್ಲಿ ಅದರ ತಯಾರಿಕೆಗೆ ನೆಲೆ ಕೊಟ್ಟ ಊರುಗಳಲ್ಲಿ ಮೊದಲು ನೆನೆಯಬೇಕಾದದ್ದು ಮದರಾಸು. ಅಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ಬುಲೆಟ್ಟುಗಳ ಜೋಡಣೆ ಆರಂಭವಾಯಿತು. ಕನ್ನಡಿಗರಿಗೆ ಹೆಚ್ಚು ಆತ್ಮೀಯವಾದದ್ದು ಮೈಸೂರಿನ ಐಡಿಯಲ್ ಜಾವಾ. ಇರಾನಿ ಮನೆತನದವರು 1960ರಲ್ಲಿ, ಶ್ರೀ ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಕಟ್ಟಿದ ಈ ಕಂಪನಿ, ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು ಪರವಾನಗಿಯ ಮೇಲೆ ತಯಾರಿಸತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ 1996ರವರೆಗೂ ತಯಾರಿಸಿತು.

ಆ ಗಾಡಿಗಳ ವೈಶಿಷ್ಟ್ಯವೆಂದರೆ, ಮಾಲಿಕನಿಗೆ ಯಂತ್ರಜ್ಞಾನ ಸ್ವಲ್ಪವಾದರೂ ಇಲ್ಲದೆ ಅವು ಓಡುತ್ತಿರಲಿಲ್ಲ. ಜಾವಾಕ್ಕೆ ಪೆಟ್ರೋಲಿನ ಜೊತೆ ಎಣ್ಣೆಯನ್ನು ಅಳೆದು ಬೆರೆಸಬೇಕು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಇಂಜಿನ್ನಿಗೆ ಅಪಾಯ. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಆಗಿತ್ತು. ಬುಲೆಟ್ಟಿನವನು ಅಮ್ಮೀಟರಿನ ಮುಳ್ಳು ನೋಡಿ, ಡಿಕಂಪ್ರೆಸರ್ ಒತ್ತಿ, ಪಿಸ್ಟನ್ನು ಎಲ್ಲಿ ನಿಂತಿದೆಯೆಂದು ಅಂದಾಜು ಮಾಡಿ ಒದೆಯುತ್ತಿದ್ದ. ಪ್ಲಗ್ಗು ತೆಗೆದು ಉಜ್ಜುವುದು ಬಾರದ ಸವಾರ ಇರಲಿಲ್ಲವೆಂದೇ ಹೇಳಬೇಕು. ಗಾಡಿ ದೊಡ್ಡದಾಗಿ ಕೆಟ್ಟರೆ ಮಿಸ್ತ್ರಿಯ ಬಳಿಗೆ ಹೋಗುವುದು. ಅವನು ಬಿಚ್ಚುವಾಗ ಮಾಲಿಕ ಪಕ್ಕದಲ್ಲೇ ಕಲ್ಲಿನ ಮೇಲೆ ಕೂಡುವುದು. ಸವೆದ ಭಾಗ ಕೈಗೆ ಬರುತ್ತಿತ್ತು. ಹೊಸದನ್ನು ಮಾಲಿಕನೇ ಅಂಗಡಿಯಿಂದ ತಂದುಕೊಡುತ್ತಿದ್ದ. ಕೂಲಿಗೆ ಒಂದಿಷ್ಟು ಚೌಕಾಶಿ ನಡೆಯುತ್ತಿತ್ತು. ಬಿಲ್ಲು ಇಲ್ಲದಿದ್ದರೂ ಲೆಕ್ಕವಿತ್ತು, ಏಕೆಂದರೆ ಲೆಕ್ಕದ ಪ್ರತಿಯೊಂದು ಕಲಮೂ ಗಿರಾಕಿಯ ಕಣ್ಣೆದುರಿಗೇ ನಡೆದುಹೋಗುತ್ತಿತ್ತು. ಮಿಸ್ತ್ರಿ ಮೋಸ ಮಾಡುತ್ತಿರಲಿಲ್ಲವೆಂದಲ್ಲ. ಮಾಡಿದರೆ ಸಿಕ್ಕಿಬೀಳುವ ಸಂಭವ ಹೆಚ್ಚಾಗಿತ್ತು.

ಮಾರುವವನ ಮುಂದೆ ಮಾತ್ರ ಗಿರಾಕಿ ಆಗ ದೀನನೇ. 1951ರ ಕೈಗಾರಿಕಾ ಕಾಯಿದೆಯ ಪ್ರಕಾರ ಎಷ್ಟು ತಯಾರಿಸಬೇಕೆಂಬುದಕ್ಕೂ ಸರಕಾರದ ಪರವಾನಗಿ ಬೇಕಿತ್ತು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರ ಕಥೆಗಳು ನಮ್ಮ ಹಿರಿಯರಲ್ಲಿ ಇಂದಿಗೂ ಇವೆ. ಹಾಗೆ ಕಾದು ಪಡೆದವನು ಮಾರಿದವನೊಡನೆ ಜಗಳವಾಡುವುದುಂಟೇ? ಕೊಟ್ಟದ್ದೇ ಉಪಕಾರವೆಂದು ಕೈಮುಗಿದು ಬರುತ್ತಿದ್ದ.

ಈ ಸ್ಥಿತಿಯನ್ನು ಬದಲಿಸಿದವು 1980ರ ದಶಕದಲ್ಲಿ ಜಪಾನೀಯರ ಸಹಯೋಗದಿಂದ ಬಂದ ಗಾಡಿಗಳು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಮಾರುಕಟ್ಟೆಗೆ ಬಂತು. ಅದರ ಜಾಹೀರಾತು ಬಲು ಪ್ರಸಿದ್ಧ: ಪೆಟ್ರೋಲು ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ ಎಂಬುದು ಅದರ ಸಾರ. ಎಣ್ಣೆ ಬೆರೆಸುವ ಗೋಜಿಲ್ಲ, ಪ್ಲಗ್ಗು ಉಜ್ಜುವ ಕಾಟವಿಲ್ಲ. ಮಧ್ಯಮ ವರ್ಗಕ್ಕೆ ಅದು ನಿಜವಾದ ವರವೇ ಆಯಿತು. ಆದರೆ ಜನ ಮರೆತದ್ದು ಪೆಟ್ರೋಲಿನ ಚಿಂತೆಯನ್ನು ಮಾತ್ರವಲ್ಲ, ಯಂತ್ರವನ್ನೂ ಮರೆತರು. ಮಾಲಿಕ ಮರೆತುದನ್ನು ನೆನಪಿಡುವ ಕೆಲಸ ಡೀಲರನ ವರ್ಕ್‌ಶಾಪಿಗೆ ಬಂತು. ಗಾಡಿಯ ಜೊತೆ ಉಚಿತ ಸರ್ವಿಸಿನ ಕೂಪನ್ನು, ವಾರಂಟಿಯ ಪುಸ್ತಕ, ನಿಗದಿಯಾದ ಕಿಲೋಮೀಟರಿಗೆ ಹಾಜರಾಗಬೇಕೆಂಬ ನಿಯಮ, ಇವೆಲ್ಲ ರೂಢಿಯಾದವು. ಗಾಡಿ ಒಳಗೆ ಹೋಗುತ್ತದೆ; ಗಿರಾಕಿ ಹೊರಗೆ ಗಾಜಿನ ಗೋಡೆಯ ಈಚೆ ಕುರ್ಚಿಯ ಮೇಲೆ ಕೂಡುತ್ತಾನೆ. ಉಚಿತವೆಂದರೆ ಕೂಲಿ ಮಾತ್ರ ಉಚಿತ, ಎಣ್ಣೆಗೂ ಭಾಗಗಳಿಗೂ ದುಡ್ಡು ಎಂಬುದು ಅವನಿಗೆ ಮೊದಲ ಬಿಲ್ಲಿನಲ್ಲಿ ತಿಳಿಯುತ್ತದೆ.

ಬಿಲ್ಲು ಉದ್ದವಾದದ್ದಕ್ಕೆ ಸರಕಾರದ ಕಾಣಿಕೆಯೂ ಇದೆ. 2001ರಲ್ಲಿ ಅಧಿಕೃತ ಸರ್ವಿಸ್ ಕೇಂದ್ರಗಳ ಕೆಲಸ ಸೇವಾ ತೆರಿಗೆಗೆ ಒಳಪಟ್ಟಿತು. ಕೂಲಿಯನ್ನೂ ಸಾಮಾನನ್ನೂ ಬೇರೆ ಬೇರೆ ಬರೆಯುವುದು ಅನಿವಾರ್ಯವಾಯಿತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದಾಗ ಮೋಟಾರು ಸೈಕಲ್ಲಿನ ಬಿಡಿಭಾಗಕ್ಕೆ ಶೇ. 28, ಕೂಲಿಗೆ ಶೇ. 18 ಎಂದಾಯಿತು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗದ ತೆರಿಗೆಯೂ ಶೇ. 18ಕ್ಕೆ ಇಳಿಯಿತು. ಇದರ ನಡುವೆ 2020ರ ಏಪ್ರಿಲ್ 1ರಂದು ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಜಾರಿಗೆ ಬಂದು, ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರ್ ಹೋಗಿ ಇಂಧನವನ್ನು ಅಳೆದು ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂತು. ಗಾಳಿ ಶುದ್ಧವಾಗಲು ಇದು ಬೇಕೇ ಆಗಿತ್ತು. ಆದರೆ ದೋಷವನ್ನು ಈಗ ಕಿವಿಯಿಂದ ಕೇಳಿ ಹೇಳುವಂತಿಲ್ಲ. ಕಂಪ್ಯೂಟರಿಗೆ ತಂತಿ ಜೋಡಿಸಿ ಕೇಳಬೇಕು. ಸ್ಪ್ಯಾನರೊಂದನ್ನೇ ನಂಬಿದ ರಸ್ತೆ ಬದಿಯ ಮಿಸ್ತ್ರಿ ಕೈಚೆಲ್ಲಿದ. ಗಿರಾಕಿ ಮತ್ತೆ ಗಾಜಿನ ಗೋಡೆಯ ಈಚೆಗೆ ಬಂದು ಕೂತ.

ಮಣ್ಣೂರ ಕಡೆಯ ವಿದ್ಯಾರ್ಥಿಯೊಬ್ಬ ಒಮ್ಮೆ ತನ್ನ ತಂದೆಯ ಗಾಡಿಯ ಬಿಲ್ಲು ಹಿಡಿದು ನನ್ನಲ್ಲಿಗೆ ಬಂದಿದ್ದ. “ಸರ್, ಇದರಾಗ ಏನ್ ಬರ್ದಾರ ನೋಡ್ರಿ. ಅಪ್ಪಗ ತಿಳೀವಲ್ದು, ನನಗೂ ತಿಳೀವಲ್ದು,” ಎಂದ. ಚೈನು ಸದ್ದು ಮಾಡುತ್ತದೆಂದು ಗಾಡಿ ಬಿಟ್ಟಿದ್ದರಂತೆ. ಬಿಲ್ಲಿನಲ್ಲಿ ಹನ್ನೊಂದು ಸಾಲುಗಳಿದ್ದವು. ಚೈನಿನ ಸುದ್ದಿ ನಾಲ್ಕನೆಯದರಲ್ಲಿತ್ತು. ಉಳಿದವು ಇಂಜಿನ್ನಿನ ಒಳಗನ್ನು ತೊಳೆದದ್ದು, ಹೊರಗೆ ಪಾಲಿಶು ಹಾಕಿದ್ದು, ಬ್ರೇಕು ಬಿಚ್ಚಿ ಶುಚಿಮಾಡಿದ್ದು, ಕೊನೆಗೆ ‘ಇತರ ಸಾಮಗ್ರಿ’ ಎಂಬ ಒಂದು ಗೂಢ ಕಲಮು. ಎಲ್ಲವೂ ಇಂಗ್ಲಿಷಿನ ಸಂಕ್ಷೇಪಾಕ್ಷರಗಳಲ್ಲಿ. ಇವನ್ನು ಮಾಡಲು ನೀವು ಹೇಳಿದ್ದಿರಾ ಎಂದು ಕೇಳಿದೆ. “ಒಂದು ಹಾಳಿ ಮ್ಯಾಲೆ ಸಹಿ ಮಾಡಂದ್ರು, ಅಪ್ಪ ಮಾಡ್ಯಾನ್ರಿ,” ಎಂದ. ಆ ಹಾಳೆಯೇ ಜಾಬ್ ಕಾರ್ಡು. ಏನೇನು ಮಾಡಬೇಕೆಂಬ ಒಪ್ಪಿಗೆ ಅದರಲ್ಲೇ ಇರುತ್ತದೆ. ಅದನ್ನೂ ಅವರು ಓದಿರಲಿಲ್ಲ. ಓದಬಲ್ಲ ಭಾಷೆಯಲ್ಲಿ ಅದು ಇರಲೂ ಇಲ್ಲ. ಆ ಹನ್ನೊಂದರಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯವೆಂದು ಹೇಳಲು ನಾನು ಇಂಜಿನಿಯರನಲ್ಲ. ತಂದೆಯನ್ನು ಕಾಡಿದ್ದು ಹಣವೂ ಅಲ್ಲವೆಂದು ಹುಡುಗನ ಮಾತಿನಿಂದ ತೋರಿತು. ತಾನು ಕೊಟ್ಟದ್ದು ಯಾವುದಕ್ಕೆಂದು ಮನೆಯಲ್ಲಿ ಹೇಳಲಾರದೆ ಹೋದ ಅವಮಾನ ಅದು.

ಡೀಲರನ ಪಕ್ಷವನ್ನೂ ಹೇಳಬೇಕು. ಜಾಗದ ಬಾಡಿಗೆ, ಕಂಪನಿ ಕೊಳ್ಳಹೇಳುವ ಉಪಕರಣ, ಕೆಲಸಗಾರರ ತರಬೇತಿ ಎಲ್ಲವೂ ಅವನ ತಲೆಯ ಮೇಲೆ. ಕೆಲಸ ಕಲಿತ ಹುಡುಗ ನಾಳೆ ಬೇರೆಡೆಗೆ ಹೋಗುತ್ತಾನೆ. ಬಡಿಗನಿಗಿದ್ದ ವರ್ಷದ ಪಾಲು ಅವನಿಗಿಲ್ಲ. ಆದುದರಿಂದಲೇ ಅವನ ಪ್ರಾಮಾಣಿಕತೆಯನ್ನು ಸ್ವಭಾವಕ್ಕೆ ಬಿಡದೆ ನಿಯಮಕ್ಕೆ ಒಪ್ಪಿಸುವುದು ಇಬ್ಬರಿಗೂ ಕ್ಷೇಮ.

ಅಂಥ ನಿಯಮಗಳು ಬಂದಿವೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆ ಸೇವೆಯಲ್ಲಿನ ಕೊರತೆಯನ್ನು ದೂರಬಹುದಾದ ವಿಷಯವನ್ನಾಗಿ ಮಾಡಿತು. ಅದರ ಸ್ಥಾನದಲ್ಲಿ ಬಂದು 2020ರ ಜುಲೈಯಲ್ಲಿ ಜಾರಿಯಾದ 2019ರ ಕಾಯಿದೆ ಇನ್ನೂ ಮುಂದೆ ಹೋಯಿತು: ಬಿಲ್ಲು ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿತು, ಗಿರಾಕಿ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದೆಂದಿತು. ಗಡಿಯ ಊರಿಗೆ ಇದು ಸಣ್ಣ ಅನುಕೂಲವಲ್ಲ. ಸೊಲ್ಲಾಪುರದಲ್ಲಿ ಗಾಡಿ ಕೊಂಡ ಮಣ್ಣೂರಿನವನು ಕಲಬುರಗಿಯ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು, ಅಷ್ಟೆ. 1915 ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆಂಬುದನ್ನೂ ಗಿರಾಕಿ ನೆನಪಿಡಬೇಕು. ಅದರ ಮೇಲೆ ಮತ್ತೆ ತೆರಿಗೆ ಹಾಕಿದ್ದರೆ ಕೇಳುವ ಹಕ್ಕು ಅವನದು.

ಹೊರಗೆ ದುರಸ್ತಿ ಮಾಡಿಸಿದರೆ ವಾರಂಟಿ ಹೋಯಿತು ಎಂಬ ಬೆದರಿಕೆಗೂ ಜಗತ್ತಿನಲ್ಲಿ ಉತ್ತರ ಹುಡುಕಿದವರುಂಟು. ಅಮೆರಿಕದ 1975ರ ವಾರಂಟಿ ಕಾಯಿದೆ ಅಂಥ ಷರತ್ತಿಗೆ ಕಡಿವಾಣ ಹಾಕಿತು. ನಮ್ಮಲ್ಲಿ ಸ್ಪರ್ಧಾ ಆಯೋಗ 2014ರಲ್ಲಿ ಕಾರು ತಯಾರಕರ ವಿಷಯದಲ್ಲಿ, ಬಿಡಿಭಾಗಗಳನ್ನು ಹೊರಗಿನವರಿಗೆ ಸಿಗದಂತೆ ಮಾಡಿದ್ದಕ್ಕಾಗಿ 14 ಕಂಪನಿಗಳಿಗೆ ದಂಡ ವಿಧಿಸಿತು. ವಿಷಯ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರ ಸರಕಾರ ದುರಸ್ತಿಯ ಹಕ್ಕಿನ ಬಗೆಗೆ ಸಮಿತಿಯೊಂದನ್ನು ನೇಮಿಸಿತು. ಮಿಸ್ತ್ರಿಗೆ ಮತ್ತೆ ಕೆಲಸ ಸಿಗಬೇಕಾದರೆ ಗಾಡಿಯ ಕೈಪಿಡಿಯೂ ಕಂಪ್ಯೂಟರಿನ ಕೀಲಿಯೂ ಅವನಿಗೆ ದೊರೆಯಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ, ಅದು ಭಾಷೆಯದು. 2024ರ ತಿದ್ದುಪಡಿಯಿಂದ ಅಂಗಡಿಯ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕೆಂದಾಯಿತು, ಸಂತೋಷ. ಆದರೆ ನಾನು ಕಂಡ ದುರಸ್ತಿಯ ಬಿಲ್ಲುಗಳಲ್ಲಿ ಒಂದೂ ಕನ್ನಡದಲ್ಲಿಲ್ಲ. ಫಲಕ ಅಂಗಡಿಯ ಬಾಗಿಲು ತೋರಿಸುತ್ತದೆ. ಹಣ ಎಲ್ಲಿಗೆ ಹೋಯಿತೆಂದು ತೋರಿಸುವುದು ಬಿಲ್ಲು. ಈ ಭೀಮಾ ಸೀಮೆಯ ಜನರಿಗೆ ಲೆಕ್ಕದ ಗೌರವ ಹೊಸದಲ್ಲ. ಸಮೀಪದ ಮಂಗಳವಾಡದಲ್ಲಿ ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದರೆಂದು ಪರಂಪರೆ ಹೇಳುತ್ತದೆ. ಲೆಕ್ಕದ ಶುದ್ಧಿಯನ್ನು ನಡತೆಯ ಶುದ್ಧಿಯಿಂದ ಬೇರೆಯಾಗಿ ಕಾಣದ ಪರಂಪರೆ ಅದು.

ಆಯದ ಕಾಲಕ್ಕೆ ಯಾರೂ ಮರಳಲಾರರು, ಮರಳಬೇಕಾಗಿಯೂ ಇಲ್ಲ. ಬೇಕಾದದ್ದು ಬಹಳವಲ್ಲ: ಕೆಲಸಕ್ಕೆ ಮುಂಚೆ ಅಂದಾಜು, ನಡುವೆ ಹೊಸ ಕೆಲಸ ಕಂಡರೆ ಫೋನಿನಲ್ಲಿ ಒಪ್ಪಿಗೆ, ಸವೆದು ತೆಗೆದ ಭಾಗ ಗಿರಾಕಿಯ ಕೈಗೆ, ಜಾಬ್ ಕಾರ್ಡೂ ಬಿಲ್ಲೂ ಕನ್ನಡದಲ್ಲಿ. ಕಂಪ್ಯೂಟರಿನಲ್ಲಿ ಅಚ್ಚಾಗುವ ಚೀಟಿಗೆ ಕನ್ನಡ ಅಕ್ಷರಗಳು ಭಾರವಾಗಲಾರವು. ಅಲ್ಲಿಯವರೆಗೆ ಓದಬಲ್ಲ ನಮ್ಮಂಥವರು, ಸಹಿ ಹಾಕುವ ಮುನ್ನ ಪಕ್ಕದ ಕುರ್ಚಿಯಲ್ಲಿ ಕೂತವನ ಹಾಳೆಯನ್ನೂ ಒಂದಿಷ್ಟು ಓದಿ ಹೇಳಿದರೆ ತಪ್ಪೇನಿಲ್ಲ.